ಬೆನ್ನು ತಿರುಗಿಸಿದ ಬೆಂಚುಗಳು

ಹಸಿ ಗಾರೆಯ ವಾಸನೆ ಎಂದರೆ ರುದ್ರಾಣಿಗೆ ಬೆಲ್ಲದ ವಾಸನೆ. ಹುಲ್ಲಹಳ್ಳಿಯಲ್ಲಿ ಚಾವಡಿ ಕಟ್ಟುವಾಗ ಸುಣ್ಣಕ್ಕೆ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಬೆರೆಸಿ ಗಾಣದಲ್ಲಿ ಅರೆಯುತ್ತಿದ್ದರು. ಆರು ವರ್ಷದ ಹುಡುಗಿ ಅಲ್ಲೇ ಸುಳಿದಾಡುವುದನ್ನು ಕಂಡು ಗಾರೆ ಹೊರುವ ಹೆಂಗಸೊಬ್ಬಳು, ತನ್ನ ಕೈಯನ್ನು ಸೆರಗಿಗೆ ಎರಡು ಸಲ ಒರೆಸಿಕೊಂಡು, ಒಂದು ಚೂರು ಬೆಲ್ಲ ಎತ್ತಿ ಕೊಟ್ಟಿದ್ದಳು. ಆ ಹೆಂಗಸಿನ ಮುಖ ನೆನಪಿಲ್ಲ. ಕೈ ಒರೆಸಿಕೊಂಡದ್ದು ನೆನಪಿದೆ.

ನಲವತ್ತು ವರ್ಷಗಳ ಮೇಲೆ ಅದೇ ವಾಸನೆ ತಿರುಮಕೂಡಲು ನರಸೀಪುರದ ಹೊಸ ಸ್ಕೂಲಿನ ಗೋಡೆಗಳಿಂದ ಬರುತ್ತಿತ್ತು. ಅದರೊಳಗೆ ಫಿನಾಯಿಲಿನ ವಾಸನೆಯೂ ಸೇರಿತ್ತು. ಉಗ್ರಾಣದ ನೆಲವನ್ನು ಮೂರು ಸಲ ತೊಳೆದಿದ್ದರು.

ಸೋಮವಾರ ಸಂಜೆ ಆ ಉಗ್ರಾಣದಲ್ಲಿ ಹೆಡ್ ಮೇಷ್ಟ್ರು ಗುರುಬಸಯ್ಯನವರು ತಲೆಗೆ ಪೆಟ್ಟು ಬಿದ್ದು ಸತ್ತಿದ್ದರು; ಕಟ್ಟಡ ಕಟ್ಟಿದ ಮೇಸ್ತ್ರಿ ಜವರಯ್ಯ ಲಾಕಪ್ಪಿನಲ್ಲಿದ್ದ; ನಾಳೆ ಬೆಳಿಗ್ಗೆ ಅವನನ್ನು ಕೊಲೆಗಾರನೆಂದು ಮೈಸೂರಿಗೆ ಸಾಗಿಸುವವರಿದ್ದರು.

ರುದ್ರಾಣಿ ಪೊಲೀಸಿನವಳಲ್ಲ, ಹೆಣ್ಣುಮಕ್ಕಳ ಸ್ಕೂಲುಗಳ ಇನ್ಸ್‌ಪೆಕ್ಟ್ರೆಸ್. ಸತ್ತವರು ಅವಳಿಗೆ ಬರೆದಿದ್ದ ಕೊನೆಯ ಕಾಗದ, ಹೊಸ ಕಟ್ಟಡದಲ್ಲಿ ಹೆಣ್ಣುಮಕ್ಕಳಿಗೂ ಒಂದು ಕೋಣೆ ಬಿಟ್ಟುಕೊಡುತ್ತೇನೆ ಎಂಬುದು. ಆ ಕಾಗದವನ್ನು ಮುಂದಿಟ್ಟುಕೊಂಡೇ ಅವಳು ಇನ್ಸ್‌ಪೆಕ್ಟರ್ ಸಿದ್ದಮಲ್ಲಪ್ಪನವರ ಹತ್ತಿರ ಒಂದು ದಿನ ಬೇಡಿದ್ದಳು. ಅವರು ಬೀಗದ ಕೈ ಕೊಟ್ಟು, "ಗುರುವಾರ ಸಂಜೆಯವರೆಗೆ, ತಾಯಿ. ಆಮೇಲೆ ನನ್ನ ಕೈಯಲ್ಲಿಲ್ಲ" ಎಂದಿದ್ದರು.

ಇವತ್ತು ಗುರುವಾರ.

ಹೊರಗೆ ಆಷಾಢದ ಮಳೆ ಬಿಡದೆ ಹಿಡಿದಿತ್ತು. ಕಪಿಲೆ, ಕಾವೇರಿ ಎರಡೂ ಕೆಂಪಾಗಿ ಸಂಗಮದ ಮೆಟ್ಟಿಲು ನುಂಗಿದ್ದವು. ಒಳಗೆ ದೊಡ್ಡ ತರಗತಿಯ ಕೋಣೆ ತಣ್ಣಗೆ ಎತ್ತರವಾಗಿ ನಿಂತಿತ್ತು. ಎರಡಡಿ ದಪ್ಪದ ಗೋಡೆ, ಸಾಗುವಾನಿ ತೊಲೆಗಳ ಮೇಲೆ ತಾರಸಿ, ಸೂರಿನಡಿ ಗಾಳಿಗೆಂದು ಬಿಟ್ಟ ದುಂಡು ಕಿಂಡಿಗಳು. ಒಂದೇ ಗೋಡೆಯಲ್ಲಿ ಸಾಲಾಗಿ ಐದು ಕಮಾನು ಕಿಟಕಿಗಳು. ಕೂತ ಮಕ್ಕಳಿಗೆ ಬೀದಿ ಕಾಣದೆ ಬರಿಯ ಆಕಾಶ ಕಾಣುವಷ್ಟು ಎತ್ತರದಲ್ಲಿ.

ರುದ್ರಾಣಿ ಒಂದು ಬೆಂಚಿನಲ್ಲಿ ಕೂತು ನೋಟುಪುಸ್ತಕ ತೆಗೆದು ಬರೆಯತೊಡಗಿದಳು. ನಾಲ್ಕು ಸಾಲು ಬರೆಯುವಷ್ಟರಲ್ಲಿ ಕಣ್ಣು ನೋಯಿತು. ತನ್ನ ಕೈಯ ನೆರಳು ಬರೆಯುವ ಅಕ್ಷರದ ಮೇಲೆಯೇ ಬೀಳುತ್ತಿತ್ತು.

ಅವಳು ಕೈಯೆತ್ತಿ ಕಿಟಕಿಗಳತ್ತ ತಿರುಗಿದಳು. ಕಿಟಕಿಗಳು ಬಲಕ್ಕಿದ್ದವು.

ಸ್ಕೂಲು ಕಟ್ಟುವವರಿಗೆ ಮೊದಲು ಹೇಳಿಕೊಡುವ ಪಾಠವೇ ಅದು. ಬಲಗೈಯಲ್ಲಿ ಬರೆಯುವ ಮಕ್ಕಳಿಗೆ ಬೆಳಕು ಎಡಗಡೆಯಿಂದ ಬರಬೇಕು. ಇಷ್ಟು ಅಚ್ಚುಕಟ್ಟಾದ ಕಟ್ಟಡದಲ್ಲಿ ಇಷ್ಟು ದೊಡ್ಡ ತಪ್ಪೇ?

ಇನ್ನೊಂದು ವಿಚಿತ್ರವಿತ್ತು. ಒಂಬತ್ತು ಸಾಲು ಬೆಂಚುಗಳಲ್ಲಿ ಏಳು, ಮೇಷ್ಟ್ರ ಕಲ್ಲಿನ ವೇದಿಕೆಯ ಕಡೆಗೆ ಮುಖ ಮಾಡಿದ್ದವು. ತೀರ ಹಿಂದಿನ ಎರಡು ಸಾಲು ಮಾತ್ರ ವೇದಿಕೆಗೆ ಬೆನ್ನು ತಿರುಗಿಸಿ ಹಿಂಗೋಡೆಯನ್ನು ನೋಡುತ್ತಿದ್ದವು. ಕರಿ ಬೋರ್ಡು ಕೂಡ ಮುಕ್ಕಾಲಿಯ ಸಮೇತ ಆ ಹಿಂಗೋಡೆಗೇ ಹೋಗಿ ನಿಂತಿತ್ತು.

ಬಾಗಿಲಲ್ಲಿ ಯಾರೋ ಕೆಮ್ಮಿದರು. ಜವರಯ್ಯನ ಹೆಂಡತಿ ಮುದ್ದಮ್ಮ. ತಲೆಯ ಮೇಲೆ ಗೋಣಿಚೀಲದ ಕೊಪ್ಪೆ, ಕಾಲೆಲ್ಲ ಕೆಸರು.

"ಒಳಗೆ ಬಾ ಮುದ್ದಮ್ಮ, ನೆನೆಯುತ್ತಿದ್ದೀಯಲ್ಲ."

"ಬ್ಯಾಡಿ ಅವ್ವಾರೆ. ಈ ನೆಲವ ಏಳು ದಿನ ಬಡಿದು ನುಣ್ಣಗೆ ಮಾಡ್ದೋಳು ನಾನು. ನಾನೇ ಕೆಸರು ಮಾಡಾದಾ?" ಅವಳ ಕಣ್ಣು ಬೆಂಚುಗಳ ಮೇಲೆ ಬಿತ್ತು. "ಇದ್ಯಾಕೆ ಇಂಗೆ ಮಡಗವ್ರೆ? ಏಳು ಸಾಲು ಅತ್ತಗೆ, ಎರಡು ಸಾಲು ಇತ್ತಗೆ! ಐಕಳು ಮೇಷ್ಟ್ರ ಮಕ ನೋಡಾದಾ, ಗೋಡೆ ಮಕ ನೋಡಾದಾ?"

"ಅದನ್ನೇ ನಾನೂ ಕೇಳಿಕೊಳ್ಳುತ್ತಿದ್ದೇನೆ. ಕಾಲೊರೆಸಿಕೊಂಡು ಬಾ."

ಮುದ್ದಮ್ಮ ಕೊಪ್ಪೆಯನ್ನೇ ಹಾಸಿ, ಅದರ ಮೇಲೆ ಕಾಲು ತಿಕ್ಕಿ ಒಳಗೆ ಬಂದಳು. ರುದ್ರಾಣಿ ಇನ್ಸ್‌ಪೆಕ್ಟರು ಕೊಟ್ಟಿದ್ದ ಕಟ್ಟಡದ ನಕ್ಷೆಯನ್ನು ತನ್ನ ಚೀಲದಿಂದ ತೆಗೆದು ಬಿಚ್ಚಿದಳು. ಗಂಜಿ ಹಾಕಿ ನುಣುಪು ಮಾಡಿದ ತೆಳು ಬಟ್ಟೆಯ ಮೇಲೆ ಮಸಿಯಲ್ಲಿ ಬರೆದ ನಕ್ಷೆ. ಅದರಲ್ಲಿ ಐದು ಕಿಟಕಿಗಳೂ ಮಕ್ಕಳ ಎಡಕ್ಕಿದ್ದವು.

ಅವಳು ಬಟ್ಟೆಯನ್ನು ಮಗುಚಿ ಬೆಳಕಿಗೆ ಹಿಡಿದಳು. ಬೆನ್ನಿನ ಕಡೆಯಿಂದಲೂ ಗೆರೆಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಅಕ್ಷರಗಳು ಮಾತ್ರ ತಿರುವುಮುರುವು. ಈಗ ಕಿಟಕಿಗಳು ಬಲಕ್ಕೆ ಬಂದವು. ಇಡೀ ಕಟ್ಟಡ, ಕನ್ನಡಿಯಲ್ಲಿ ಕಂಡ ಹಾಗೆ, ಎಡಬಲ ಅದಲುಬದಲಾಗಿ ನಿಂತಿತ್ತು.

"ಮುದ್ದಮ್ಮ, ನಿನ್ನ ಗಂಡನಿಗೆ ಓದು ಬರುತ್ತದೆಯೆ?"

"ಓದು ಬರಂಗಿದ್ರೆ ಯಾಕಿಂಗಾಯ್ತಿತ್ತು?" ಮುದ್ದಮ್ಮ ಕುಸಿದು ಕೂತಳು. "ತಪ್ಪು ಆತಂದಲ್ಲ ಅವ್ವಾರೆ, ನಂದು. ಅಸ್ತಿವಾರದ ಕಾಲದಲ್ಲಿ ಮರಳ ಮೇಲೆ ನಾಕು ಕಲ್ಲಿಟ್ಟು ಈ ಬಟ್ಟೆ ಆಸಿದ್ದು ನಾನೇ. ಬಿಸಿಲಿಗೆ ಬರವಣಿಗೆ ಬಣ್ಣ ಓದಾತು ಅಂತ ಬೋರಲಾಕಿದೆ. ಜ್ವಾಪಾನ ಮಾಡ್ದೆ ಅನ್ಕಂಡಿದ್ದೆ. ಆತ ಅಂಗೇ ದಾರ ಇಡಿದು ಗೆರೆ ಎಳದ. ಅಳತೆಯೆಲ್ಲ ಬಾಯಲ್ಲೇ ಯೋಳಿದ್ರು, ಅದೆಲ್ಲ ಸರಿಯಾಗೇ ಬಂತು."

"ಓವರ್‌ಸಿಯರು ಬಂದು ನೋಡಲಿಲ್ಲವೆ?"

"ಯಾರು ಕಂಡವ್ರೆ ಅವರ್ನ? ಪ್ಲೇಗಿನೂರಿಗೆ ಬರಾಕಿಲ್ಲ ಅಂದ್ರಂತೆ."

"ತಪ್ಪು ಗೊತ್ತಾದದ್ದು ಯಾವಾಗ?"

"ಐತವಾರ. ಮೇಷ್ಟ್ರು ಈ ಬಟ್ಟೆ ಇಡ್ಕಂಡು ನಿಂತಿದ್ರು. ಊರಿಗೇ ಕೇಳಂಗೆ ಕಿತ್ತಾಡುದ್ರು ಇಬ್ರೂವೆ. 'ಕೆಡವಿಸಿಬಿಡ್ತೀನಿ' ಅಂದ್ರು ಅವರು. 'ನನ್ ಮ್ಯಾಲೇ ಕೆಡವಿ' ಅಂದ ಇವ್ನು. ನನ್ನ ಎಸರು ಎತ್ತಲೇ ಇಲ್ಲ. ನಾನು ಮಗುಚಿದ್ದು ಅಂತ ಒಂದ್ ಮಾತು ಅಂದಿದ್ರೆ ಅವನ ಗಂಟೇನು ಓಗದು?"

ಊರೆಲ್ಲ ಕೇಳಿದ್ದು ಆ ಜಗಳವನ್ನು. ಪೊಲೀಸರು ಕೊಲೆಗೆ ಕಾರಣವೆಂದು ಬರೆದುಕೊಂಡದ್ದೂ ಅದನ್ನೇ.

ರುದ್ರಾಣಿ ಎದ್ದು, ತಿರುಗಿಸಿಟ್ಟಿದ್ದ ಒಂದು ಬೆಂಚಿನಲ್ಲಿ ಹಿಂಗೋಡೆಗೆ ಮುಖಮಾಡಿ ಕೂತು ನೋಟುಪುಸ್ತಕ ತೆರೆದಳು. ಈಗ ಬೆಳಕು ಎಡಗಡೆಯಿಂದ ಬಂತು. ಕಾಗದದ ಮೇಲೆ ನೆರಳಿಲ್ಲ.

"ಮುದ್ದಮ್ಮ, ಇಲ್ಲಿ ನೋಡು. ಗೋಡೆ ಕೆಡವುವುದೇ ಬೇಡ, ಬೆಂಚು ತಿರುಗಿಸಿದರೆ ಸಾಕು. ಮೇಷ್ಟ್ರಿಗೆ ಅದು ಹೊಳೆದಿದೆ. ಸೋಮವಾರ ಪಾಠ ಮುಗಿದ ಮೇಲೆ ಬೋರ್ಡನ್ನು ಆ ಕಡೆಗೆ ಸಾಗಿಸಿ, ಒಂದೊಂದೇ ಸಾಲು ತಿರುಗಿಸುತ್ತ ಬಂದಿದ್ದಾರೆ. ನಿನ್ನ ಗಂಡನನ್ನು ಹಾಳುಮಾಡುವ ಮನಸ್ಸಿದ್ದವರು ಈ ಕೆಲಸ ಮಾಡುತ್ತಿರಲಿಲ್ಲ."

ಮುದ್ದಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು.

ರುದ್ರಾಣಿ ಬೆಂಚಿನ ಒಂದು ತುದಿ ಹಿಡಿದು ಎತ್ತಲು ನೋಡಿದಳು. ಹೊನ್ನೆ ಮರ, ಆರು ಮಕ್ಕಳು ಕೂರುವಷ್ಟು ಉದ್ದ. ಒಂದು ತುದಿಯೆದ್ದರೆ ಇನ್ನೊಂದು ತುದಿ ನೆಲವನ್ನು ಗೀರುತ್ತಿತ್ತು. ಮುದ್ದಮ್ಮ ಕಣ್ಣೊರೆಸಿಕೊಂಡು ಬಂದು ಆ ತುದಿ ಹಿಡಿದಳು. ಬೆಂಚು ಸದ್ದಿಲ್ಲದೆ ಮೇಲೆದ್ದಿತು.

ಇಬ್ಬರೂ ಬಗ್ಗಿ ನೆಲ ನೋಡಿದರು. ಹೊಸ ಗಾರೆ ನೆಲದ ಮೇಲೆ ಈಗ ಬಿದ್ದ ಒಂದು ಗೀರು ಬಿಟ್ಟರೆ ಇನ್ನೊಂದು ಗೀರಿಲ್ಲ.

"ಎರಡಾಳಿನ ಕೆಲಸ" ಎಂದಳು ಮುದ್ದಮ್ಮ, ಮೆಲ್ಲಗೆ. "ಆ ತುದಿ ಇಡ್ದಿದ್ದೋರು ಯಾರು ಅವ್ವಾರೆ?"

ಯಾರಿಗೂ ಗೊತ್ತಿರದ ಎರಡನೆಯ ಜೊತೆ ಕೈಗಳು ಸೋಮವಾರ ಸಂಜೆ ಈ ಕೋಣೆಯಲ್ಲಿದ್ದವು. ಗುರುಬಸಯ್ಯನವರ ಕೊನೆಯ ಗಂಟೆಯಲ್ಲಿ ಅವರ ಎದುರಿಗೆ ನಿಂತು ಬೆಂಚು ಹೊತ್ತವರು ಇಲ್ಲಿಯವರೆಗೆ ಮುಂದೆ ಬಂದು ಒಂದು ಮಾತು ಹೇಳಿರಲಿಲ್ಲ.

ಮೂರು ಗಂಟೆಗೆ ಇನ್ಸ್‌ಪೆಕ್ಟರ್ ಸಿದ್ದಮಲ್ಲಪ್ಪನವರು ಓವರ್‌ಸಿಯರ್ ಪುಟ್ಟರಾಜಯ್ಯನನ್ನು ಕರೆತಂದರು. ಜವರಯ್ಯನ ಮೇಲಿದ್ದ ಒಂದೇ ಕಣ್ಸಾಕ್ಷಿ ಆತ. ಸೋಮವಾರ ಐದು ಗಂಟೆಗೆ ತಾನು ಕಟ್ಟಡ ತನಿಖೆಗೆ ಬಂದಿದ್ದಾಗಿಯೂ, ಜವರಯ್ಯ ಉಗ್ರಾಣದಿಂದ ಓಡಿಹೋದದ್ದನ್ನು ಕಂಡು, ಬಾಗಿಲ ತನಕ ಹೋಗಿ ಇಣುಕಿದಾಗ ಹೆಡ್ ಮೇಷ್ಟ್ರು ಬಿದ್ದಿದ್ದರೆಂದೂ ಬರೆದುಕೊಟ್ಟಿದ್ದ.

ಒಳ್ಳೆಯ ಜರಿಪೇಟ, ಒಳ್ಳೆಯ ಕೋಟು. ಮೂಗಿಗೆ ಕರ್ಪೂರ ಕಟ್ಟಿದ ಕರವಸ್ತ್ರ. ಗೇಟಿನಲ್ಲೇ ನಿಂತುಬಿಟ್ಟ.

"ಇಲ್ಲಿಂದಲೇ ಹೇಳುತ್ತೇನೆ, ಅಮ್ಮಾ. ಹೇಳುವುದೆಲ್ಲ ಬರೆದುಕೊಟ್ಟಾಗಿದೆ."

"ನನಗೆ ಬರೆದದ್ದಕ್ಕಿಂತ ನಡೆದದ್ದು ಬೇಗ ತಿಳಿಯುತ್ತದೆ" ಎಂದಳು ರುದ್ರಾಣಿ. "ಅವತ್ತು ಹೇಗೆ ಹೋದಿರೋ ಹಾಗೆ ಒಂದು ಸಲ ಹೋಗಿ ತೋರಿಸಿ. ನಾವು ಹಿಂದೆ ಬರುತ್ತೇವೆ."

"ನಡೀರಿ ಸ್ವಾಮಿ" ಎಂದರು ಸಿದ್ದಮಲ್ಲಪ್ಪ. "ಮಳೆಯಲ್ಲಿ ನನ್ನ ಮೀಸೆಯೂ ಕರಗುತ್ತಿದೆ."

ಪುಟ್ಟರಾಜಯ್ಯ ಕೊಡೆ ಮಡಿಸಿ ನಡೆದ. ಮೆಟ್ಟಿಲು ಹತ್ತಿದರೆ ಏಳು ಕಮಾನಿನ ಉದ್ದ ಜಗಲಿ. ಎರಡು ತುದಿಗೂ ಒಂದೊಂದು ಮುಚ್ಚಿದ ಬಾಗಿಲು, ಒಂದೇ ಅಳತೆಯವು, ಒಂದೇ ಹಸಿರು ಬಣ್ಣದವು.

ಅವನು ಒಂದು ಕ್ಷಣವೂ ತಡೆಯಲಿಲ್ಲ. ಎಡಕ್ಕೆ ತಿರುಗಿ, ನೇರ ಹೋಗಿ, ಎಡತುದಿಯ ಬಾಗಿಲ ಮುಂದೆ ನಿಂತ.

"ಈ ಬಾಗಿಲಿನಿಂದಲೇ ಓಡಿಬಂದ. ನಾನು ಹೀಗೆ ತಳ್ಳಿದೆ" ಎಂದು ತಳ್ಳಿದ.

ಒಳಗೆ ಒಂದು ಮೇಜು, ಒಂದು ಬೆತ್ತದ ಕುರ್ಚಿ. ಗೋಡೆಯ ಮೇಲೆ ಇಂಡಿಯಾದ ಭೂಪಟ. ಗೂಟಕ್ಕೆ ತೂಗುಹಾಕಿದ್ದ ಗುರುಬಸಯ್ಯನವರ ಕಪ್ಪು ಕೋಟು, ಮೊಣಕೈ ಹತ್ತಿರ ನಾಜೂಕಾಗಿ ತೇಪೆ ಹಾಕಿದ್ದು, ಇನ್ನೂ ಅಲ್ಲೇ ಇತ್ತು.

ಅವನು ಹಿಂದೆ ಸರಿದು ಜಗಲಿಯ ಇನ್ನೊಂದು ತುದಿಯ ಬಾಗಿಲತ್ತ ನೋಡಿದ.

"ಇದು… ಸಾಮಾನು ಬದಲಾಯಿಸಿದ್ದೀರಿ" ಎಂದ ಪುಟ್ಟರಾಜಯ್ಯ.

"ಇದು ಮೊದಲ ದಿನದಿಂದ ಹೆಡ್ ಮೇಷ್ಟ್ರ ಕೋಣೆ. ಉಗ್ರಾಣ ಬಲತುದಿಯಲ್ಲಿದೆ. ಅಲ್ಲಿ ಗೋಡೆಯೊಳಗೇ ಕಲ್ಲಿನ ಹಲಗೆಗಳನ್ನು ಕೂರಿಸಿದ್ದಾರೆ. ಅದನ್ನು ಎತ್ತಿ ಬೇರೆ ಕಡೆ ಇಡುವುದಕ್ಕಾಗುವುದಿಲ್ಲ."

"ಸಾಧ್ಯವಿಲ್ಲ! ನಕ್ಷೆಯಲ್ಲಿ ಎಡಕ್ಕೇ—"

ಅವನ ಕೈ ಬಾಗಿಲಿನಿಂದ ಕೆಳಗಿಳಿಯಿತು.

"ಹೌದು, ನಕ್ಷೆಯಲ್ಲಿ ಎಡಕ್ಕಿದೆ" ಎಂದಳು ರುದ್ರಾಣಿ. "ಕಟ್ಟಡದಲ್ಲಿ ಬಲಕ್ಕಿದೆ. ಕಟ್ಟುವಾಗ ನಕ್ಷೆ ಮಗುಚಿಕೊಂಡಿತ್ತು. ಒಂದು ಸಲ ಇಲ್ಲಿಗೆ ಬಂದು ಹೋದ ಯಾರಿಗಾದರೂ ಉಗ್ರಾಣ ಎಲ್ಲಿ ಎಂದು ಗೊತ್ತಿರುತ್ತದೆ. ನೀವು ಬಂದಿಲ್ಲ, ಪುಟ್ಟರಾಜಯ್ಯನವರೇ. ಸೋಮವಾರವೂ ಬಂದಿಲ್ಲ, ಅದಕ್ಕೆ ಮೊದಲೂ ಬಂದಿಲ್ಲ."

ಸಿದ್ದಮಲ್ಲಪ್ಪನವರ ಮುಖ ಕೆಂಪಾಯಿತು. "ಒಬ್ಬನ ಕೊರಳಿಗೆ ಹಗ್ಗ ಹಾಕೋ ಮಾತನ್ನು ಸರ್ಕಾರಿ ಬಂಗಲೆಯಲ್ಲಿ ಕೂತು ನಕ್ಷೆ ನೋಡಿ ಬರೆದೆಯೇನಯ್ಯಾ?"

ಪುಟ್ಟರಾಜಯ್ಯ ಮೆಟ್ಟಿಲ ಮೇಲೆ ಕೂತುಬಿಟ್ಟ. ಪೇಟ ಓರೆಯಾಗಿತ್ತು. ರುದ್ರಾಣಿ ಹೂಜಿಯಿಂದ ಒಂದು ಲೋಟ ನೀರು ಬಗ್ಗಿಸಿ ತಂದುಕೊಟ್ಟಳು. ಅವನು ಕುಡಿದು ಮುಗಿಸುವವರೆಗೂ ಇನ್ಸ್‌ಪೆಕ್ಟರನ್ನು ಮಾತಾಡಲು ಬಿಡಲಿಲ್ಲ.

"ಈ ಊರಿನಲ್ಲಿ ಇಲಿ ಸತ್ತು ಬಿದ್ದು ಪ್ಲೇಗು ಬಂದ ವರ್ಷವೇ ಕಟ್ಟಡ ಶುರುವಾಯಿತಮ್ಮಾ" ಎಂದ ಅವನು ಕೊನೆಗೆ. "ಆ ವರ್ಷವೇ ನನ್ನ ಎರಡು ಮಕ್ಕಳು ಹೋದವು. ಒಂದೇ ವಾರ. ದೊಡ್ಡದಕ್ಕೆ ಎಂಟು ತುಂಬಿರಲಿಲ್ಲ. ಆಮೇಲೆ ಈ ದಾರಿಗೆ ಗಾಡಿ ಹೂಡಿದರೆ ಎದೆ ಹಿಡಿದುಕೊಳ್ಳುತ್ತಿತ್ತು. ತಿಂಗಳು ತಿಂಗಳೂ 'ನೋಡಿದೆ, ಸರಿಯಾಗಿದೆ' ಎಂದು ನಂಜನಗೂಡಿನ ನನ್ನ ಕಚೇರಿಯಿಂದಲೇ ಬರೆದುಬಿಟ್ಟೆ. ಮೊನ್ನೆ ಸಾವಿನ ಸುದ್ದಿ ಬಂತು, ಮೇಲಿನವರು ಹೋಗಲೇಬೇಕು ಅಂದರು. ಮಂಗಳವಾರ ಬಂದು ಬಂಗಲೆಯಲ್ಲಿ ಇಳಿದುಕೊಂಡೆ, ಅಷ್ಟೇ."

"ಜವರಯ್ಯನ ಹೆಸರು ನಿಮಗೆ ಹೇಗೆ ಹೊಳೆಯಿತು?"

ಅವನು ಖಾಲಿ ಲೋಟವನ್ನು ಎರಡು ಕೈಯಲ್ಲೂ ತಿರುಗಿಸತೊಡಗಿದ.

"ಹೇಳಿ."

"ಮಂಗಳವಾರ ಸಂಜೆ, ದೀಪ ಹಚ್ಚುವ ಹೊತ್ತಿಗೆ ಒಬ್ಬ ಹೆಂಗಸು ಬಂದಳು. ಮುಖದ ತುಂಬ ಸೆರಗು. ನಾನು ಕಟ್ಟಡಕ್ಕೆ ಒಂದು ಸಲವೂ ಬಂದಿಲ್ಲ ಎನ್ನುವುದು ಅವಳಿಗೆ ಗೊತ್ತಿತ್ತು. 'ಅದನ್ನು ನಾನು ಯಾರಿಗೂ ಹೇಳುವುದಿಲ್ಲ. ಸೋಮವಾರ ಬಂದಿದ್ದೆ, ಮೇಸ್ತ್ರಿಯನ್ನು ಕಂಡೆ ಎಂದು ನೀವು ಹೇಳಿ. ಅವನು ಇಲ್ಲ ಅನ್ನುವುದಿಲ್ಲ' ಎಂದಳು."

"ಯಾವಳವಳು?" ಮುದ್ದಮ್ಮ ಕಂಬದ ಹಿಂದಿನಿಂದ ಮುಂದೆ ಬಂದಳು. "ಯಾವ ಅಳ್ಳಿಯೋಳು? ಎಂಗಿದ್ಲು, ಯೋಳಿ!"

"ಮುಖ ಕಾಣಲಿಲ್ಲ ತಾಯೀ. ಓದು ಬಂದವರ ಮಾತಿನಂತಿತ್ತು. ಹೋಗುವಾಗ… ಹೋಗುವಾಗ ಅಳುತ್ತಿದ್ದಳು."

ಲಾಕಪ್ಪು ತಾಲ್ಲೂಕು ಕಚೇರಿಯ ಹಿಂಭಾಗದಲ್ಲಿತ್ತು. ತಗ್ಗಿನ ಬಾಗಿಲು, ಕಬ್ಬಿಣದ ಸರಳು. ಜವರಯ್ಯ ಗೋಡೆಗೊರಗಿ ಕೂತಿದ್ದ. ಐವತ್ತು ದಾಟಿದ ಗಟ್ಟಿ ಆಳು. ಸುಣ್ಣದ ಕೆಲಸದಲ್ಲಿ ಸವೆದು ಬೆರಳ ತುದಿಗಳು ಬಿಳುಚಿದ್ದವು. ಮೂರು ದಿನದಿಂದ ಅವನು ಹೌದೂ ಅಂದಿರಲಿಲ್ಲ, ಇಲ್ಲವೂ ಅಂದಿರಲಿಲ್ಲ.

ಸಿದ್ದಮಲ್ಲಪ್ಪನವರು ಸರಳಿನ ಮುಂದೆ ಬಗ್ಗಿ ನಿಂತರು. "ಜವರಯ್ಯಾ, ಕೇಳು. ನಿನ್ನ ಮೇಲಿದ್ದ ಸಾಕ್ಷಿ ಸುಳ್ಳು ಅಂತ ಗೊತ್ತಾಯಿತು. ಸೋಮವಾರ ಸಂಜೆ ಎಲ್ಲಿದ್ದೆ, ಅದೊಂದು ಹೇಳು. ನಾಳೆ ಗಾಡಿ ನಿಲ್ಲಿಸುತ್ತೇನೆ."

ಜವರಯ್ಯ ತಲೆಯೆತ್ತಿದ. ನೆಮ್ಮದಿ ಕಾಣಬೇಕಾದ ಮುಖದಲ್ಲಿ ಗಾಬರಿ ಕಂಡಿತು.

"ಸಾಕ್ಷಿ ಯಾಕೆ ಬುದ್ದಿ? ನಾನೇ ಒಡೆದೆ ಅಂತ ಬರಕೊಳ್ಳಿ. ಎಬ್ಬೆಟ್ಟು ಒತ್ತಿಕೊಡ್ತೀನಿ."

"ನಿನ್ ಬಾಯಿಗೆ ಮಣ್ಣಾಕ!" ಮುದ್ದಮ್ಮ ಸರಳನ್ನು ಎರಡು ಕೈಯಲ್ಲೂ ಹಿಡಿದು ಅಲ್ಲಾಡಿಸಿದಳು. "ಬಾಗಲು ತೆಗೀತೀವಿ ಅಂದ್ರೆ ಒಳಗೇ ಕುಂತ್ಕತೀನಿ ಅಂತೀಯಾ? ಒಂದು ಗುಬ್ಬಚ್ಚಿ ಗೂಡು ಕೀಳಾಕೆ ಅಳ್ತಾ ಕುಂತಿದ್ದೋನು ನೀನು, ಆ ಕಮಾನಿನ ಸಂದೀಲಿ! ನೀನು ಕೊಲೆ ಮಾಡ್ತೀಯಾ? ಯಾರ್ ನಂಬ್ತಾರಲಾ?"

"ನೀ ಮನೆಗೋಗು ಮುದ್ದಿ."

"ಯಾವ ಮನೆಗೆ? ನೀನಿಲ್ದಿರ ಮನೆಗಾ?"

ಅವನು ಮುಖ ತಿರುಗಿಸಿಕೊಂಡ.

ಇನ್ಸ್‌ಪೆಕ್ಟರು ಉಸ್ಸೆಂದರು. "ತಪ್ಪೊಪ್ಪಿಗೆ ಕೊಟ್ಟರೆ ನಾನು ಬರೆದುಕೊಳ್ಳಲೇಬೇಕು, ರುದ್ರಾಣಮ್ಮನವರೇ. ಬರೆದುಕೊಂಡರೆ ಬೆಳಿಗ್ಗೆ ಗಾಡಿ ಹೊರಡಲೇಬೇಕು. ಆಮೇಲೆ ಇವನನ್ನು ದೇವರೇ ಇಳಿಸಿಕೊಳ್ಳಬೇಕು."

ರುದ್ರಾಣಿ ನೆಲದ ಮೇಲೆಯೇ ಕೂತಳು, ಅವನ ಮುಖಕ್ಕೆ ಸಮನಾಗಿ.

"ಜವರಯ್ಯ, ನಿನಗೊಂದು ವಿಷಯ ಹೇಳಬೇಕು. ಮೇಷ್ಟ್ರು ಸ್ಕೂಲನ್ನು ಕೆಡವಿಸುವವರಿರಲಿಲ್ಲ. ಬೆಂಚು ತಿರುಗಿಸಿ ಎಲ್ಲ ಸರಿಮಾಡುತ್ತಿದ್ದರು. ನಿನ್ನ ಮೇಲೆ ಅವರಿಗೆ ಕೋಪ ಉಳಿದಿರಲಿಲ್ಲ."

ಅವನ ಕಣ್ಣು ತುಂಬಿ ಬಂತು. ಮುಚ್ಚಿಟ್ಟುಕೊಳ್ಳಲು ಅವನಿಗೆ ಹೊತ್ತು ಸಿಗಲಿಲ್ಲ.

"ಗೊತ್ತು, ಅವ್ವಾ" ಎಂದ.

ಮುದ್ದಮ್ಮ ಸರಳು ಬಿಟ್ಟಳು. ಆ ಬೆಂಚುಗಳನ್ನು ರುದ್ರಾಣಿ ಕಂಡು ಇನ್ನೂ ಅರ್ಧ ದಿನವಾಗಿರಲಿಲ್ಲ. ಸೋಮವಾರ ರಾತ್ರಿಯಿಂದ ಆ ಕೋಣೆಗೆ ಪೊಲೀಸಿನ ಬೀಗ ಬಿದ್ದಿತ್ತು.

"ನಿನಗೆ ಹೇಗೆ ಗೊತ್ತು?" ಎಂದಳು ರುದ್ರಾಣಿ. "ಬೆಂಚಿನ ಇನ್ನೊಂದು ತುದಿ ಹಿಡಿದಿದ್ದವನು ನೀನೇನಾ?"

ಅವನು ತಲೆಯಲ್ಲಾಡಿಸಿದ. ಇಲ್ಲ ಎಂದು.

"ಹಾಗಾದರೆ ಹಿಡಿದಿದ್ದವರು ನಿನಗೆ ಹೇಳಿದರು. ಯಾರು?"

ಅವನ ನೋಟ ರುದ್ರಾಣಿಯನ್ನು ದಾಟಿ ಅಂಗಳದ ಕಡೆಗೆ ಹೋಗಿತ್ತು. ಕಾವಲಿನ ಪೇದೆ ಥಟ್ಟನೆ ಎದ್ದು ನಿಂತು ಟೋಪಿ ಸರಿಮಾಡಿಕೊಂಡ. ಸಿದ್ದಮಲ್ಲಪ್ಪನವರೂ ಒಂದು ಹೆಜ್ಜೆ ಹಿಂದೆ ಸರಿದು ದಾರಿ ಬಿಟ್ಟರು.

ಮಳೆಯಲ್ಲಿ ಕೊಡೆಯಿಲ್ಲದೆ ನಡೆದು ಬಂದವಳು ಗುರುಬಸಯ್ಯನವರ ಹೆಂಡತಿ ಶಿವನಂಜಮ್ಮ. ಗಂಡನನ್ನು ಸಮಾಧಿ ಮಾಡಿ ಇನ್ನೂ ಎರಡು ದಿನ. ಅವಳ ಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ನೆರೆಯವರು ಅವಳಿಗೆಂದು ತಂದಿಟ್ಟ ಊಟವನ್ನೇ ಬಿಳಿ ಪಂಚೆಯ ತುಂಡಿನಲ್ಲಿ ಕಟ್ಟಿಕೊಂಡು, ನೆನೆಯದಂತೆ ಸೆರಗಿನೊಳಗೆ ಹಿಡಿದಿದ್ದಳು.

ಅವಳು ಯಾರ ಮುಖವನ್ನೂ ನೋಡಲಿಲ್ಲ. ಮುದ್ದಮ್ಮನ ಪಕ್ಕದಲ್ಲೇ ಕುಳಿತು ಗಂಟು ಬಿಚ್ಚಿದಳು. ಎರಡು ಮುದ್ದೆ, ಕುಡಿಕೆಯಲ್ಲಿ ಸೊಪ್ಪಿನ ಸಾರು, ಎಲೆಯ ತುದಿಯಲ್ಲಿ ಒಂದಿಷ್ಟು ಉಪ್ಪು.

ಜವರಯ್ಯ ಮೊಣಕಾಲೂರಿ ಎದ್ದು ಬಂದು, ಸರಳಿನ ಸಂದಿಯಿಂದ ಎರಡು ಕೈಯನ್ನೂ ಚಾಚಿದ. ತನ್ನ ಗಂಡನನ್ನು ಕೊಂದೆನೆಂದು ಹೇಳುತ್ತಿರುವವನ ಕೈಗೆ ಶಿವನಂಜಮ್ಮ ಎಲೆಯ ಸಮೇತ ಆ ಊಟವನ್ನು ಇಟ್ಟಳು. ಬೆಂಚಿನ ಇನ್ನೊಂದು ತುದಿ ಹಿಡಿದಿದ್ದ ಕೈಗಳು ಇವೇ, ಸೆರಗು ಮುಚ್ಚಿಕೊಂಡು ಬಂಗಲೆಗೆ ಹೋದವಳೂ ಇವಳೇ ಎಂದು ರುದ್ರಾಣಿಗೆ ತಿಳಿಯಿತು.